ಸಾಸಿವೆ ಡಬ್ಬಿ ದೀಪ

ಆ ಕಾರಿಗೆ ಏನೂ ಆಗಿರಲಿಲ್ಲ. ನಮ್ಮ ಬೀಗಿತ್ತಿಗೂ ಏನೂ ಆಗಿರಲಿಲ್ಲ. ನಿಲ್ಲಿಸದೆ ಓಡಿಸಬೇಕಾದ ಕಾರನ್ನು ನಿಲ್ಲಿಸದೆ ಹೋಗಲಾರದ ಹೆಂಗಸಿಗೆ ಮಾರಿದ್ದರು. ನಡೆದದ್ದು ಇಷ್ಟೇ. ಇಷ್ಟು ತಿಳಿಯುವುದಕ್ಕೆ ಶೋರೂಮಿನವರು, ನನ್ನ ಅಳಿಯ, ಬೀಗಿತ್ತಿ, ಕೊನೆಗೆ ನಾನು, ಎಲ್ಲರೂ ಸೇರಿ ವರ್ಷಕ್ಕೂ ಮೇಲೆ ತಲೆ ಕೆಡಿಸಿಕೊಂಡೆವು.

ಬೀಗಿತ್ತಿ ಅಂದರೆ ನನ್ನ ಮಗಳ ಅತ್ತೆ. ಗಿಡ್ಡ ಆಳು. ಸೀಟಿನಲ್ಲಿ ದಿಂಬಿನ ಮೇಲೆ ದಿಂಬು ಹಾಕಿ ಕೂತರೂ ಎದುರಿನಿಂದ ಬರುವವರಿಗೆ ಕಾಣುತ್ತಿದ್ದದ್ದು ಒಂದು ದಪ್ಪ ಕನ್ನಡಕ, ಅದರ ಮೇಲೆ ಒಂದಿಷ್ಟು ಬಿಳಿ ಕೂದಲು. ಹಿಂದಿನಿಂದ ನೋಡಿದರೆ ಕಾರು ತನ್ನಷ್ಟಕ್ಕೇ ಹೋಗುತ್ತಿದೆ ಅನ್ನಿಸುತ್ತಿತ್ತು. ಹತ್ತಿದ ಕೂಡಲೆ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಜೋಡಿಸಿಡುವರು, ಸೆರಗು ಸೊಂಟಕ್ಕೆ ಸಿಕ್ಕಿಸುವರು, ಬರಿಗಾಲಲ್ಲೇ ಕ್ಲಚ್ಚು ತುಳಿಯುವರು. ಸ್ಟೇರಿಂಗ್ ಹಿಡಿಯುತ್ತಿದ್ದದ್ದು ಎರಡೂ ಕೈಯಲ್ಲಿ, ಈಗಷ್ಟೇ ಹುಟ್ಟಿದ ಕೂಸಿನ ತಲೆ ಹಿಡಿದ ಹಾಗೆ. ಕೈಗೆ ಅದೇ ಅಭ್ಯಾಸ. ಹೊಸನಗರ ತಾಲ್ಲೂಕಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಲೇ ಸರ್ವೀಸು ಮುಗಿಸಿದವರು. ರಿಪ್ಪನ್‌ಪೇಟೆ ಸುತ್ತಮುತ್ತ ಅವರು ನರ್ಸಮ್ಮ. ಹೆಸರು ಹೇಳಿ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ.

ರಿಟೈರ್ ಆದ ಮೇಲೆ ತೀರ್ಥಹಳ್ಳಿಯಲ್ಲಿ ಮಗನ ಮನೆ ಸೇರಿದರು. ಮಗ, ಅಂದರೆ ನನ್ನ ಅಳಿಯ, ಅಲ್ಲೇ ಔಷಧಿ ಅಂಗಡಿ ಇಟ್ಟುಕೊಂಡಿದ್ದಾನೆ. ಎದುರಿಗೆ ಅವನಿಗೆ ಬಹುವಚನವೇ. ಬರೆಯುವಾಗ ಏಕವಚನ ಇರಲಿ, ಕೈ ನೋಯುತ್ತದೆ. ಕೂದಲು ಪೂರಾ ಬೆಳ್ಳಗಾದ ಮೇಲೆ ಈ ಹೆಂಗಸು ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತರು. ತಮ್ಮ ದುಡ್ಡಲ್ಲೇ ಹೊಸ ಡೀಸೆಲ್ ಕಾರು ತಂದರು. "ಜೀವಮಾನ ಪೂರ್ತಿ ಬಸ್ಸು ಕಾದಿದೀನಿ, ಇನ್ನು ಬಸ್ಸು ನನ್ನನ್ನ ಕಾಯ್ಲಿ" ಅಂದರು.

ಆ ಕಾರಿನಲ್ಲಿ ಮೊದಲ ಸಲ ಸಾಗರಕ್ಕೆ ನಮ್ಮ ಮನೆಗೆ ಬಂದಾಗ ನಾನು ಎಂದಿನಂತೆ ಹಿಂದಿನ ಬಾಗಿಲು ತೆಗೆದೆ. ಮುಂದೆ ಗಂಡಸರು, ಹಿಂದೆ ಹೆಂಗಸರು, ನಮ್ಮ ಕಾಲ ಬುಡಕ್ಕೆ ತೆಂಗಿನಕಾಯಿ ಚೀಲ. ನಾನು ಕಂಡ ಕಾರೆಲ್ಲ ಹಾಗೇ. ಅವರು ಒಳಗಿಂದಲೇ ಕೈ ಚಾಚಿ ಮುಂದಿನ ಬಾಗಿಲು ತೆಗೆದು, "ಇಲ್ಲಿ ಕೂತ್ಕೊಳಿ ಬೀಗಿತ್ತಿಯೋರೇ. ಹಿಂದೆ ಕೂತ್ರೆ ನಾನು ನಿಮ್ಮ ಡ್ರೈವರ್ ಆಗಿಬಿಡ್ತೀನಿ" ಅಂದರು. ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸಿ, ಒಲೆ ಮುಂದೆ ನಿಂತು ಮಂಡಿ ಸವೆಸಿಕೊಂಡವಳು ನಾನು. ಮುಂದೆ ಕೂತರೆ ಕಾಲು ಚಾಚಬಹುದು ಅಂತ ಗೊತ್ತಾದದ್ದು ಅವತ್ತು.

ದೀಪ ಕಂಡದ್ದೂ ಅವತ್ತೇ. ಸ್ಟೇರಿಂಗಿನ ಹಿಂದೆ, ಮುಳ್ಳು ತಿರುಗುವ ಜಾಗದಲ್ಲಿ, ಹಳದಿ ಬಣ್ಣದ ಸಣ್ಣ ದೀಪ. ಡಬ್ಬಿಯೊಳಗೆ ಚುಕ್ಕಿ ಚುಕ್ಕಿ ಇಟ್ಟ ಚಿತ್ರ.

"ಇದೇನು, ಸಾಸಿವೆ ಡಬ್ಬಿ ಇದ್ದ ಹಾಗಿದೆ" ಅಂದೆ.

"ಹೌದು ನೋಡಿ, ಸಾಸಿವೆ ಡಬ್ಬೀನೇ. ವಾರದಿಂದ ಶಾಂತ ಆಗ್ತಾ ಇಲ್ಲ."

ದೀಪ ಆರಿತು ಅನ್ನುವ ಮಾತು ಅವರ ಬಾಯಲ್ಲಿ ಬರುವುದಿಲ್ಲ. ಮನೆಗಳಲ್ಲಿ ದೇವರ ದೀಪಕ್ಕೆ ಹಾಗೆ ಅನ್ನಬಾರದು, ಶಾಂತ ಆಯಿತು ಅನ್ನಬೇಕು. ಎಷ್ಟೋ ಜನ ಅನ್ನುತ್ತಾರೆ. ಇವರು ಟಾರ್ಚಿಗೂ ಹಾಗೇ, ಕಾರಿಗೂ ಹಾಗೇ. ಶೋರೂಮಿಗೆ ಫೋನ್ ಮಾಡಿ, "ಸಾಸಿವೆ ಡಬ್ಬಿ ಇನ್ನೂ ಶಾಂತ ಆಗಿಲ್ಲಪ್ಪ" ಅಂದರೆ ಆ ಕಡೆಯವನು ರಾಂಗ್ ನಂಬರ್ ಅಂತ ಇಟ್ಟುಬಿಡುತ್ತಿದ್ದ. ಇವರು ಮತ್ತೆ ಮಾಡುವರು. ಬೈಯುವುದು ಗೊತ್ತಿಲ್ಲ. ಯಾರೊಂದಿಗೆ ಮಾತಾಡಿದರೂ ಕೊನೆಗೆ "ಬಿಸಿನೀರು ಕುಡೀರಿ" ಅಂತ ಹೇಳಿಯೇ ಫೋನ್ ಇಡುವುದು. ಶೋರೂಮಿನವನಿಗೂ ಹೇಳಿದರು. ನನಗೆ ಮೈ ಉರಿದುಹೋಯಿತು.

ಈ ದೀಪದ ಒಂದು ಬುದ್ಧಿ ಅಂದರೆ ಶೋರೂಮಿನವರ ಕಣ್ಣಿಗೆ ಬೀಳದೆ ಇರುವುದು. ಶೋರೂಮು ಇರುವುದು ಶಿವಮೊಗ್ಗದಲ್ಲಿ. ದೀಪ ಹತ್ತಿತು ಅಂತ ಅಳಿಯ ಅಂಗಡಿ ಬಿಟ್ಟು, ಗೊಣಗುತ್ತ, ಕಾರು ತೆಗೆದುಕೊಂಡು ಹೊಳೆ ಪಕ್ಕದ ರಸ್ತೆಯಲ್ಲಿ ಒಂದೇ ಉಸಿರಿಗೆ ಹೊಡೆದುಕೊಂಡು ಹೋಗುತ್ತಿದ್ದ. ಮಂಡಗದ್ದೆ ದಾಟುವಷ್ಟರಲ್ಲಿ ದೀಪ ಇಲ್ಲ. ಶೋರೂಮಿನ ಗೇಟಿನಲ್ಲಿ ಕಾರು ಮದುಮಗಳ ಹಾಗೆ ನಿಂತಿರುತ್ತಿತ್ತು.

ಹಾಗಂತ ಅವರು ಸುಮ್ಮನೆ ಕಳಿಸುವವರಲ್ಲ. ಮೊದಲ ಸಲ ಸೆನ್ಸರ್ ಹೋಗಿದೆ ಅಂದರು, ಬದಲಿಸಿದರು. ತೀರ್ಥಹಳ್ಳಿಗೆ ಬಂದು ಬೀಗಿತ್ತಿ ಒಂದಿಷ್ಟು ದಿನ ಓಡಿಸಿದರು, ದೀಪ ಹಾಜರ್. ಎರಡನೇ ಸಲ ಡೀಸೆಲ್ ಸರಿಯಿಲ್ಲ, ಬಂಕು ಬದಲಿಸಿ ಅಂದರು. ಬದಲಿಸಿದರು. ದೀಪ ಹಾಜರ್. ಮೂರನೇ ಸಲ, ನಿಮ್ಮ ಕಡೆ ಇಲಿ ಕಾಟ, ವೈರು ಕಡಿದಿರಬೇಕು ಅಂದರು. ಏನೋ ವೈರು ಹಾಕಿದರು. ಬೀಗಿತ್ತಿ ಬಾನೆಟ್ಟಿನ ಒಳಗೆ, ಸೀಟಿನ ಅಡಿಗೆ, ಡಿಕ್ಕಿಗೆ, ಎಲ್ಲಾ ಕಡೆ ನುಸಿಗುಳಿಗೆ ಇಟ್ಟರು. ಆ ಕಾರಿನಲ್ಲಿ ಕೂತು ಇಳಿದರೆ ನಮ್ಮ ಸೀರೆ ಹಳೇ ಟ್ರಂಕಿನಿಂದ ತೆಗೆದ ಹಾಗೆ ನಾರುತ್ತಿತ್ತು. ಆಮೇಲೂ ದೀಪ ಹಾಜರ್.

"ಜ್ವರಕ್ಕೆ ಮಾತ್ರೆ ಕೊಟ್ಟು ಕಳಿಸ್ತಿದಾರೆ ಬೀಗಿತ್ತಿಯೋರೇ. ಜ್ವರ ಯಾಕೆ ಬಂತು ಅಂತ ಯಾರೂ ನೋಡ್ತಿಲ್ಲ" ಅನ್ನುವರು. ಅನ್ನುವುದು ನನ್ನ ಹತ್ತಿರ. ಶೋರೂಮಿನವರ ಹತ್ತಿರ ಬಿಸಿನೀರಿನ ಮಾತು.

ನಾಲ್ಕನೇ ಸಲ ಅಲ್ಲಿನ ಟೈ ಕಟ್ಟಿದ ಮ್ಯಾನೇಜರು ಅಳಿಯನನ್ನು ಬದಿಗೆ ಕರೆದು, "ನೀವು ಓಡಿಸಿದ್ರೆ ಏನೂ ಇಲ್ಲ ಸಾರ್, ಅಮ್ಮ ಓಡಿಸಿದ್ರೆ ಬರತ್ತೆ. ವಯಸ್ಸಾಯ್ತಲ್ಲ, ಡ್ರೈವಿಂಗ್ ಸ್ಟೈಲು" ಅಂದನಂತೆ.

ಅಳಿಯನಿಗೆ ಅಷ್ಟೇ ಬೇಕಿತ್ತು. ಅಮ್ಮ ಕಾರು ತಂದ ದಿನದಿಂದ ಅವನಿಗೆ ನಿದ್ದೆ ಇಲ್ಲ, ತಿರುವಿನಲ್ಲಿ ಎಲ್ಲಿ ಹೋಗಿ ಗುದ್ದುತ್ತಾರೋ ಅಂತ. ಅದು ಕಾಳಜಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಕಾಳಜಿ ಇದ್ದವರು ಕೀ ತೆಗೆದು ಅಂಗಡಿ ಗಲ್ಲಾದೊಳಗೆ ಇಟ್ಟುಕೊಂಡರೆ ಅದಕ್ಕೆ ಏನನ್ನಬೇಕು? ಅದಾದ ಮೇಲೂ ದೀಪ ಹತ್ತಿತ್ತು, ಇನ್ನು ಕಾರು ಮಾರುವುದೇ ಅಂದ.

ನನಗೆ ಫೋನ್ ಬಂತು. "ಬೀಗಿತ್ತಿಯೋರೇ, ಊಟ ಆಯ್ತಾ? ಒಂದು ಉಪಕಾರ ಆಗ್ಬೇಕಿತ್ತು. ನೀವೊಂದು ಸಲ ನನ್ನ ಪಕ್ಕ ಕೂತು ನೋಡಿ. ನನ್ನ ಡ್ರೈವಿಂಗ್ ಸರಿ ಇಲ್ಲದಿದ್ರೆ ನೀವೇ ಹೇಳಿ, ನಾನು ಕೀ ಕೇಳೋದೇ ಬಿಟ್ಟುಬಿಡ್ತೀನಿ. ಸರಿ ಇದ್ರೆ ಅದನ್ನೂ ನೀವೇ ಹೇಳ್ಬೇಕು. ನನ್ನ ಮಾತು ಅವ್ನು ಕೇಳಲ್ಲ. ಅತ್ತೆ ಮಾತು ತೆಗೆದು ಹಾಕಕ್ಕೆ ಆಗಲ್ಲವಲ್ಲ."

ನೋಡಿ, ಎಷ್ಟು ಲೆಕ್ಕಾಚಾರದ ಹೆಂಗಸು. ಬೀಗಿತ್ತಿ ಕೇಳಿದರೆ ನಾನು ಇಲ್ಲ ಅನ್ನುವ ಹಾಗಿಲ್ಲ, ಅತ್ತೆ ಕೇಳಿದರೆ ಅಳಿಯ ಇಲ್ಲ ಅನ್ನುವ ಹಾಗಿಲ್ಲ. ನಾನು ತೀರ್ಥಹಳ್ಳಿ ಬಸ್ಸು ಹತ್ತಿದೆ. ಅಂಗಡಿ ಮುಂದೆ ನಿಂತು, "ಕೀ ಕೊಡಿ, ನಾವಿಬ್ರೂ ಶೋರೂಮಿಗೆ ಹೋಗಿ ಬರ್ತೀವಿ" ಅಂದೆ. ಅಳಿಯ ಮಾತ್ರೆ ಎಣಿಸುವುದು ಬಿಟ್ಟು ನನ್ನ ಮುಖ ನೋಡಿದ, ಒಳಗಿದ್ದ ನನ್ನ ಮಗಳ ಮುಖ ನೋಡಿದ, ಗಲ್ಲಾ ತೆಗೆದ.

ದಾರಿ ಉದ್ದಕ್ಕೂ ನಾನು ನೋಡಿದೆ. ಓಡಿಸುವುದರಲ್ಲಿ ತಪ್ಪು ಹಿಡಿಯುವ ಹಾಗಿರಲಿಲ್ಲ. ತಿರುವಿಗೆ ಹಾರನ್, ಇಳಿಜಾರಿಗೆ ಗೇರು, ಲಾರಿಗೆ ದಾರಿ. ಆದರೆ ತೀರ್ಥಹಳ್ಳಿ ದಾಟುತ್ತಲೇ ಒಬ್ಬ ಮುದುಕ ಕೈ ಅಡ್ಡ ಹಾಕಿದ, ಹತ್ತಿಸಿಕೊಂಡರು. ಸ್ವಲ್ಪ ಮುಂದೆ ಅವನನ್ನು ಇಳಿಸಿದರು. ಅಲ್ಲೇ ಕೈಯಲ್ಲಿ ಕೋಳಿ ಹಿಡಿದ ಒಬ್ಬಳು ನಿಂತಿದ್ದಳು, ಹತ್ತಿಸಿಕೊಂಡರು. ಕೋಳಿ ನನ್ನ ಕಿವಿಯ ಹಿಂದೆಯೇ ಕೂತು ಉಸಿರಾಡುತ್ತಿತ್ತು. ಮಂಡಗದ್ದೆಯಲ್ಲಿ ಕೋಳಿ ಇಳಿಯಿತು, ಯಾರದೋ ಸೊಸೆ ಹತ್ತಿದಳು. ಪ್ರತಿ ಸಲವೂ ಇಂಜಿನ್ ಬಂದ್ ಮಾಡುವರು, ಆರೋಗ್ಯ ವಿಚಾರಿಸುವರು, ಬಿಸಿನೀರಿನ ಮಾತು ಹೇಳುವರು, ಮತ್ತೆ ಚಾಲೂ ಮಾಡುವರು. ಶಿವಮೊಗ್ಗ ಬರುವಷ್ಟರಲ್ಲಿ ನನಗೆ ಸೊಂಟ ಬಿದ್ದುಹೋಗಿತ್ತು. ಆದರೆ ಒಂದು ಒಳ್ಳೆಯದಾಯಿತು. ಸಾಸಿವೆ ಡಬ್ಬಿ ಉರಿಯುತ್ತಲೇ ಶೋರೂಮಿನ ಗೇಟು ದಾಟಿದ್ದು ಅದೇ ಮೊದಲು.

ಒಳಗೆ ಒಂದು ಸಂಸಾರಕ್ಕೆ ಹೊಸ ಕಾರು ಕೊಡುವ ಸಂಭ್ರಮ. ಕಾರಿಗೆ ಹಾರ, ಕೇಕು, ಫೋಟೊ. ಸರ್ವೀಸಿನ ಮೇಜಿನಲ್ಲಿ ಹೊಸದಾಗಿ ಬಂದ ಒಬ್ಬ ಹೆಂಗಸಿದ್ದಳು. ಹೊರಗೆ ಬಂದು ದೀಪ ನೋಡಿದಳು. ಬೀಗಿತ್ತಿಯನ್ನು ಕೇಳಿದಳು.

"ಅಮ್ಮಾ, ದಾರೀಲಿ ಎಲ್ಲಾದ್ರೂ ನಿಲ್ಸಿದ್ರಾ?"

"ಎಲ್ಲೂ ಇಲ್ಲಮ್ಮ. ಸೀದಾ ಬಂದ್ವಿ."

ನಾನು ತಿರುಗಿ ನೋಡಿದೆ. ಮುಖದಲ್ಲಿ ಸುಳ್ಳು ಇಲ್ಲ.

"ಬೀಗಿತ್ತಿಯೋರೇ, ಮುದುಕನಿಗೆ ನಿಲ್ಸಿದ್ರಿ. ಕೋಳಿಗೆ ನಿಲ್ಸಿದ್ರಿ. ಮಂಡಗದ್ದೇಲಿ ನಿಲ್ಸಿದ್ರಿ."

"ಅದು ನಿಲ್ಸಿದ್ದಲ್ಲ, ಹತ್ತಿಸ್ಕೊಂಡಿದ್ದು."

"ಇಳಿಸಿದ್ದು?"

"ಇಳಿಸಿದ್ದು ಇಳಿಸಿದ್ದು. ನಿಲ್ಸೋದು ಅಂದ್ರೆ ಕಾಫಿಗೆ ನಿಲ್ಸೋದು. ನಾವು ಕಾಫಿ ಎಲ್ಲಿ ಕುಡಿದ್ವಿ?"

ಆ ಹೆಂಗಸು ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಹಿಂದೆ ಶೋರೂಮಿನವರು ಫೋನಿನಲ್ಲಿ ಕೇಳಿದಾಗೆಲ್ಲ ಈ ಮಹರಾಯಗಿತ್ತಿ ಇದೇ ಉತ್ತರ ಕೊಟ್ಟಿದ್ದಾರೆ. ಎಲ್ಲೂ ನಿಲ್ಲಿಸುವುದಿಲ್ಲ, ಸೀದಾ ಹೋಗುತ್ತೇನೆ ಅಂತ. ಅವರು ಅದನ್ನೇ ನಂಬಿ ಸೆನ್ಸರ್ ಬದಲಿಸಿದ್ದಾರೆ, ವೈರು ಬದಲಿಸಿದ್ದಾರೆ.

"ನಿಲ್ಸಿದಾಗ, ಅಂದ್ರೆ ಹತ್ತಿಸ್ಕೊಂಡಾಗ, ಇಂಜಿನ್ ಆಫ್ ಮಾಡ್ತೀರಾ ಅಮ್ಮಾ?"

"ಮಾಡದೆ? ಸುಮ್ನೆ ಡೀಸೆಲ್ ಉರೀಬೇಕಾ?"

ಆಗ ಅವಳು ಬಿಡಿಸಿ ಹೇಳಿದಳು. ಹೊಗೆಯ ಮಸಿ ಕಾರಿನ ಅಡಿಯಲ್ಲಿ ಒಂದು ಡಬ್ಬಿಯಲ್ಲಿ ಸೇರಿಕೊಳ್ಳುತ್ತದೆ. ಬಿಡದೆ ಒಂದರ್ಧ ಗಂಟೆ ಜೋರಾಗಿ ಓಡಿಸಿದರೆ ಕಾದು ತಾನೇ ಸುಟ್ಟುಹೋಗುತ್ತದೆ. ಮಧ್ಯದಲ್ಲಿ ಆಫ್ ಮಾಡಿದರೆ ಅರ್ಧಂಬರ್ಧ ಉಳಿಯುತ್ತದೆ. ಮತ್ತೆ ಮತ್ತೆ ಹಾಗೇ ಮಾಡಿದರೆ ತುಂಬಿಕೊಂಡು ದೀಪ ಹತ್ತುತ್ತದೆ. ನನಗೆ ಕೂಡಲೆ ತಿಳಿಯಿತು. ಹಸಿ ಸೌದೆ ಹೊತ್ತಿಕೊಳ್ಳುವಷ್ಟರಲ್ಲಿ ಎಳೆದು ನೀರು ಚಿಮುಕಿಸಿದರೆ ಒಲೆ ಏನಾಗುತ್ತದೆ? ಅದೇ.

"ಇದನ್ನ ಮಾರುವಾಗ ಯಾಕೆ ಹೇಳ್ಲಿಲ್ಲ?" ಅಂದೆ.

ಅಷ್ಟರಲ್ಲಿ ಟೈ ಕಟ್ಟಿದವನು ಬಂದಿದ್ದ. "ಬುಕ್ಕಲ್ಲಿ ಇದೆ ಆಂಟಿ" ಅಂದ.

"ಬುಕ್ಕಲ್ಲಿದ್ರೆ ಆ ಸೆನ್ಸರ್ ಯಾಕೆ ಬದಲಿಸಿದ್ರಿ?"

"ಅದು ಪ್ರೊಸೀಜರ್."

"ಇಲಿ?"

"ಇಲಿ ಸಾಧ್ಯತೆ ಇತ್ತು."

"ಸಾಧ್ಯತೆ ಇತ್ತು ಅಂತ ನಮಗೆ ನುಸಿಗುಳಿಗೆ ವಾಸನೆ ಕುಡಿಸಿದ್ರಲ್ಲಪ್ಪ. ಹೋಗ್ಲಿ. ಈಗ ಇವರ ಮಗನಿಗೆ ಫೋನ್ ಮಾಡಿ. ಅಮ್ಮನ ಡ್ರೈವಿಂಗಲ್ಲಿ ತಪ್ಪಿಲ್ಲ ಅಂತ ನಿಮ್ಮ ಬಾಯಲ್ಲೇ ಹೇಳಿ."

"ಹಾಗೆಲ್ಲ ಹೇಳೋ ಹಾಗಿಲ್ಲ ಆಂಟಿ. ಪಾಲಿಸಿ."

ಬೀಗಿತ್ತಿ ನನ್ನ ಸೆರಗು ಎಳೆದರು. "ಬಿಡಿ, ಪಾಪ, ಅವರ ಕೆಲಸಕ್ಕೆ ತೊಂದ್ರೆ ಆಗತ್ತೆ" ಅಂತ ಪಿಸುಗುಟ್ಟಿದರು. ಇವರ ಕೀ ಹೋಗುತ್ತದೆ, ಇವರಿಗೆ ಅವನ ಕೆಲಸದ ಚಿಂತೆ. ನಾನು ಹೋಗಿ ಮಧ್ಯದ ಸೋಫಾದ ಮೇಲೆ ಕೂತೆ, ಹೊಸ ಕಾರಿನವರು ಫೋಟೊ ತೆಗೆಸಿಕೊಳ್ಳುವ ಜಾಗದಲ್ಲಿ. ಬುತ್ತಿ ಬಿಚ್ಚಿದೆ. ಬೆಳ್ಳುಳ್ಳಿ ಚಟ್ನಿಪುಡಿ ಕಲಸಿದ ಅವಲಕ್ಕಿ, ಜೊತೆಗೆ ಮಿಡಿ ಉಪ್ಪಿನಕಾಯಿ. ಎ.ಸಿ. ಇದ್ದ ಕಡೆ ವಾಸನೆ ಹೊರಗೆ ಹೋಗುವುದಿಲ್ಲ ಅಂತ ನನಗೂ ಗೊತ್ತಿರಲಿಲ್ಲ. ಹಾರ ಹಿಡಿದವರು ನನ್ನ ಕಡೆ ನೋಡಿದರು. ಕಾರಿನ ಬಗ್ಗೆ ಕೇಳಿದರು. ನಾನು ಹೇಳತೊಡಗಿದೆ, ಸೆನ್ಸರಿನಿಂದ ಶುರು ಮಾಡಿ. ಇಲಿಗೆ ಬರುವಷ್ಟರಲ್ಲಿ ಟೈಯವನು ಫೋನ್ ತೆಗೆದಿದ್ದ.

"ಸಾರ್, ಅಮ್ಮನ ಡ್ರೈವಿಂಗಲ್ಲಿ ಏನೂ ತಪ್ಪಿಲ್ಲ ಸಾರ್. ಯೂಸೇಜ್ ಪ್ಯಾಟರ್ನ್ ಅಷ್ಟೆ."

ಆ ಕೊನೇ ಮಾತು ಏನೋ ನನಗೆ ತಿಳಿಯಲಿಲ್ಲ, ಮೊದಲನೇದು ಸಾಕಾಗಿತ್ತು. ಬೀಗಿತ್ತಿ ಅವನಿಗೆ ಕೈ ಮುಗಿದು ಬಿಸಿನೀರು ಕುಡಿಯಲು ಹೇಳಿದರು.

ಕೀ ವಾಪಸು ಬಂತು. ವಾರಕ್ಕೊಂದು ಸಲ ಎಲ್ಲೂ ನಿಲ್ಲಿಸದೆ ಓಡಿಸಬೇಕು ಅಂತ ಅಳಿಯನ ಷರತ್ತು. ನೋಡಿಕೊಳ್ಳುವ ಕೆಲಸ ನನ್ನದು. ಅವರು ಸಾಗರಕ್ಕೆ ಬರುವರು, ಇಲ್ಲವೇ ನಾನು ತೀರ್ಥಹಳ್ಳಿಗೆ ಹೋಗುವೆ. ಎಲ್ಲಿಗೂ ಅಲ್ಲದೆ, ಯಾರ ಮನೆಗೂ ಅಲ್ಲದೆ, ಎರಡು ಮುದುಕಿಯರು ಒಂದು ದೀಪಕ್ಕೋಸ್ಕರ ರಸ್ತೆ ಸವೆಸುವುದು. ಹುಂಚದ ದಾರಿಯಲ್ಲಿ ಒಂದು ಸಲ ನಾನು ಗಡಿಯಾರ ನೋಡುತ್ತ ಕೂತಿದ್ದೆ. ಇನ್ನೇನು ಅರ್ಧ ಗಂಟೆ ಮುಗಿಯಬೇಕು, ಕಾಲೇಜಿನ ಯೂನಿಫಾರಂ ಹಾಕಿದ ಹುಡುಗಿಯೊಬ್ಬಳು ಓಡುತ್ತ ಕೈ ಬೀಸಿದಳು. ಬಸ್ಸು ತಪ್ಪಿತ್ತು.

"ಬೇಡ" ಅಂದೆ.

ಕಾರು ನಿಂತೇಬಿಟ್ಟಿತು. ಇಂಜಿನ್ನೂ ಬಂದ್.

"ದೀಪ ನಾಳೆ ಶಾಂತ ಮಾಡ್ಬಹುದು ಬೀಗಿತ್ತಿಯೋರೇ. ಅವಳ ಪರೀಕ್ಷೆ ನಾಳೆಗೆ ಕಾಯಲ್ಲ."

"ಇಂಜಿನ್ನಾದ್ರೂ ಚಾಲೂ ಬಿಡಬಹುದಿತ್ತಲ್ಲ?"

"ಮರೆತೆ" ಅಂದರು. ಪ್ರತಿ ಸಲ ಮರೆಯುವರು.

ಇದರ ಹಿಂದೆ ಏನೋ ಕಥೆ ಇರಬೇಕು ಅಂದುಕೊಂಡು ಒಂದು ದಿನ ಕೇಳಿದೆ. ಸರ್ವೀಸಿನಲ್ಲಿ ಇದ್ದಾಗ ಯಾವುದಾದರೂ ಹೆರಿಗೆಗೆ ನಡೆದು ಹೋಗಿ ತಡವಾಯಿತಾ, ಯಾರಾದರೂ ನಿಮಗೆ ಗಾಡಿ ನಿಲ್ಲಿಸದೆ ಹೋದರಾ ಅಂತ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಅಂಥದ್ದೇನಿಲ್ಲ. ಕೈ ಅಡ್ಡ ಹಾಕಿದ್ರೆ ಹತ್ತಿಸ್ಕೊಳ್ಳೋದು. ಅದಕ್ಕೂ ಕಾರಣ ಬೇಕಾ?"

ಸಾಗರದಿಂದ ತುಮರಿ ಕಡೆಗೆ ಹೋದ ಬೆಳಗ್ಗೆ ಮಾತ್ರ ದಾರಿಯಲ್ಲಿ ಯಾರೂ ಸಿಗಲಿಲ್ಲ. ಹಿಂದೆ ಲಾಂಚಿಗೆ ಕಾದು ಸುಸ್ತಾಗುತ್ತಿದ್ದ ಹಿನ್ನೀರಿನ ಮೇಲೆ ಈಗ ಸೇತುವೆ. ಎರಡೂ ಕಡೆ ನೀರು, ಮುಂದೆ ರಸ್ತೆ, ನಾನು ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದೆ. ಸೇತುವೆ ಮಧ್ಯದಲ್ಲಿ ಸಾಸಿವೆ ಡಬ್ಬಿ ತಾನಾಗಿ ಮಾಯವಾಯಿತು. ಆಯಿತಲ್ಲ, ಗೆದ್ದೆವಲ್ಲ ಅಂದೆ. ಬೀಗಿತ್ತಿ ಕನ್ನಡಿಯಲ್ಲಿ ಖಾಲಿ ಇದ್ದ ಹಿಂದಿನ ಸೀಟು ನೋಡಿದರು.

"ಹೂಂ, ಶಾಂತ ಆಯ್ತು. ಯಾರೂ ಸಿಗ್ಲೇ ಇಲ್ಲ ನೋಡಿ ಇವತ್ತು" ಅಂದರು, ಏನೋ ಕಳೆದುಕೊಂಡವರ ಹಾಗೆ.

ಇಂಥವರ ಜೊತೆ ಏನು ಮಾಡಬೇಕು? ಖಾನಾವಳಿ ಮುಚ್ಚಿದ ಮೇಲೆ ನನ್ನನ್ನು ಹೊರಗೆ ಕರೆದುಕೊಂಡು ಹೋದವರು ಅವರೊಬ್ಬರೇ. ಸಾಗರದ ಮಗ್ಗುಲಲ್ಲೇ ಇರುವ ಹೊನ್ನೆಮರಡಿನ ನೀರನ್ನು ನಾನು ಮೊದಲ ಸಲ ನೋಡಿದ್ದು ಆ ಕಾರಿನಿಂದ. ನಾನು ಹುಟ್ಟಿದ್ದು ಸಾಗರದಲ್ಲೇ.

ಈ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಬೆಳಗ್ಗೆ ಕೋಣಂದೂರಿಗೆ ಹೋಗಿ ಬಂದಿದ್ದರಂತೆ. ಕಾರು ಶೆಡ್ಡಿನಲ್ಲಿತ್ತು, ಚಪ್ಪಲಿ ಸೀಟಿನ ಪಕ್ಕದಲ್ಲೇ ಜೋಡಿಸಿಟ್ಟ ಹಾಗೇ ಇದ್ದವು. ಬರಿಗಾಲಲ್ಲಿ ಮನೆಯೊಳಗೆ ಹೋಗಿದ್ದಾರೆ.

ಅವರ ಉತ್ತರಕ್ರಿಯೆ ಮುಗಿದು ಬೊಜ್ಜದ ಊಟದ ದಿನ ಅಳಿಯ ಯಾರೊಂದಿಗೋ ಮಾತಾಡುತ್ತಿದ್ದ. ಕಾರು ಶೋರೂಮಿಗೇ ವಾಪಸು ಕೊಡುವುದು, ಮಾತಾಗಿದೆ. "ದೀಪ ಹತ್ತಿಕೊಂಡಿದೆ, ಅಮ್ಮ ಕೊನೇ ದಿನಾನೂ ಎಲ್ಲೆಲ್ಲೋ ನಿಲ್ಸಿದಾರೆ. ನಾಳೆ ಹೋಗೋವಾಗ ದಾರೀಲೇ ಆರಿಸಿ ಕೊಟ್ಟುಬಿಡ್ತೀನಿ" ಅಂದ. ಮನೆಯೊಳಗೆ ಅವರ ಫೋಟೊದ ಮುಂದೆ ದೀಪ ಉರಿಯುತ್ತಿತ್ತು. ಇವನು ಹೊರಗೆ ನಿಂತು ಆರಿಸುವ ಮಾತಾಡುತ್ತಿದ್ದ. "ನಾನೂ ಬರ್ತೀನಿ" ಅಂದೆ.

ಮಾರನೇ ಬೆಳಗ್ಗೆ ಅಳಿಯ ನನಗೆ ಹಿಂದಿನ ಬಾಗಿಲು ತೆಗೆದ. ನಾನು ಮುಂದಿನದು ತೆಗೆದು ಕೂತೆ. ಊರು ದಾಟುತ್ತಲೇ ಚೀಲ ಹಿಡಿದ ಒಬ್ಬ ಕೈ ಅಡ್ಡ ಹಾಕಿದ.

"ನಿಲ್ಸಿ" ಅಂದೆ.

"ಅತ್ತೇ, ದೀಪ..."

"ನಿಲ್ಸಿ. ಇಂಜಿನ್ ಬಂದ್ ಮಾಡಿ."

ಮಾಡಿದ. ಮುಂದೆ ಕೈ ಎತ್ತಿದವರಿಗೆಲ್ಲ ನಿಲ್ಲಿಸಿದ. ಮಂಡಗದ್ದೆ ಹೊತ್ತಿಗೆ ನಾನು ಹೇಳುವುದೇ ಬೇಕಾಗಲಿಲ್ಲ. ಇಳಿಯುವವರು "ನರ್ಸಮ್ಮ ಬರ್ಲಿಲ್ವಾ?" ಅಂತ ಕೇಳಿದರು. ಒಬ್ಬರಿಗೆ ಅವನು ಉತ್ತರ ಹೇಳಿದ, ಇನ್ನೊಬ್ಬರಿಗೆ ನಾನು ಹೇಳಿದೆ.

ಶೋರೂಮಿನ ಗೇಟು ದಾಟುವಾಗ ಸಾಸಿವೆ ಡಬ್ಬಿ ಉರಿಯುತ್ತಲೇ ಇತ್ತು. ಟೈ ಕಟ್ಟಿದವನು ಕಾರಿನೊಳಗೆ ಬಗ್ಗಿ ನೋಡಿದ. "ಇದೇನು ಸಾರ್, ಮತ್ತೆ ಲೈಟು? ದಾರೀಲಿ ಎಲ್ಲಾದ್ರೂ ನಿಲ್ಸಿದ್ರಾ?"

ಅಳಿಯ ನನ್ನ ಮುಖ ನೋಡಿದ.

"ಎಲ್ಲೂ ಇಲ್ಲಪ್ಪ" ಅಂದೆ. "ಸೀದಾ ಬಂದ್ವಿ."